ಬಾವಿಕಟ್ಟೆ ಮೇಲೆ ಕೂತಿದ್ದವನು

ಎಪ್ಪತ್ತೆಂಟನೇ ಇಸವಿ. ದೇವನೂರಿನಲ್ಲಿ ಕೊನೇ ಬಸ್ಸಿಳಿದು ನಮ್ಮ ಪಕ್ಕದ ಮನೆಯ ಓಂಕಾರಮೂರ್ತಿ ಒಬ್ಬನೇ ಹಳ್ಳಿ ಕಡೆ ನಡೀತಿದ್ದ. ಕಡೂರಿನಲ್ಲಿ ಪಂಪ್‌ಸೆಟ್ ಮೋಟಾರು ರಿಪೇರಿ ಅವನ ಕೆಲಸ. ಹೆಗಲ ಚೀಲದಲ್ಲಿ ದೊಡ್ಡ ಸ್ಪ್ಯಾನರು, ಸೊಂಟದಲ್ಲಿ ಸಾರಾಯಿ ಬಾಟ್ಲಿ.

ಕುಡುಕ ಅಂತ ಊರೆಲ್ಲ ಅನ್ನೋರು. ಯಾಕೆ ಕುಡೀತಾನೆ ಅಂತ ಯಾರೂ ಕೇಳಲಿಲ್ಲ. ಭಯ ಕಣ್ರೀ. ನಾಳೆ ಅಂತ ನೆನೆಸಿಕೊಂಡ್ರೆ ಸಾಕು, ಬಸುರಿ ಹೆಂಡ್ತಿ ಮಲ್ಲಿಕಾಂಬ ತಲೆ ಒಡೆದು ಬಿದ್ದಿರೋದು ಕಣ್ಣಿಗೆ ಕಟ್ಟೋದು. ಆ ನೋಟದಲ್ಲಿ ಹೊಡೆದೋನು ತಾನೇ. ಎರಡು ಗುಟುಕು ಒಳಗೆ ಹೋದ್ರೆ ಅದು ಮಾಸೋದು. ಅಮಲು ಇಳಿದ್ರೆ ಇನ್ನೂ ಹತ್ತಿರ ಬರೋದು... ಮತ್ತೆ ಕುಡಿಯೋನು. ಕುಡಿದಾಗ ಅವಳ ಮೇಲೆ ಕೈ ಮಾಡಿದ್ದೂ ಉಂಟು. ಅದಾದ ಮೇಲೆ ಭಯ ಎರಡರಷ್ಟಾಯ್ತು.

ಆಲದ ಮರದ ಬಾವಿ ಹತ್ರ ಬಂದ. ಕಿರ್... ಕಿರ್... ರಾಟೆ ತಿರುಗೋ ಸದ್ದು. ರಾಟೆಗೆ ಹಗ್ಗವೇ ಇರಲಿಲ್ಲ.

ಕಟ್ಟೆ ಮೇಲೆ ಒಬ್ಬ ಕೂತಿದ್ದ.

"ಒಂದ್ ಗುಟುಕು ಕೊಡೋ," ಪಿಸುಗುಟ್ಟಿದ.

"ಯಾರು?"

ಅವನು ಬೀಡಿ ಹಚ್ಚಿದ. ಕಡ್ಡಿ ಬೆಳಕಲ್ಲಿ ಮುಖ ಕಾಣಿಸ್ತು... ಓಂಕಾರಮೂರ್ತಿಯದೇ ಮುಖ. ಕೆನ್ನೆ ಬತ್ತಿತ್ತು, ಹಲ್ಲು ಉದುರಿತ್ತು, ಅಂಗಿ ತುಂಬ ರಕ್ತ.

"ಮುಗಿಸ್ಬಿಟ್ಟೆ ಕಣೋ ಅವಳನ್ನ."

"ಯಾರನ್ನ?"

"ನಿಂಗೇ ಗೊತ್ತಲ್ಲ."

ಓಂಕಾರಮೂರ್ತಿ ಸ್ಪ್ಯಾನರು ಎಳೆದು ಬೀಸಿದ. ತೆಂಗಿನಕಾಯಿ ಒಡೆದಂಗೆ... ಟಪ್. ಅವನು ನಕ್ಕ. ಇವನು ಮತ್ತೆ ಬೀಸಿದ. ದವಡೆ ಲಟಕ್ ಅಂತು. ಬಿಸಿ ರಕ್ತ ಬಾಯಿಗೆ ಸಿಡೀತು... ಸಾರಾಯಿ ರುಚಿ. ಅವನ ಕೈ ಬಂದು ಇವನ ಕತ್ತು ಹಿಸುಕ್ತು. ಇವನು ಆ ಹೆಬ್ಬೆರಳು ಹಿಂದಕ್ಕೆ ಬಗ್ಗಿಸಿ ಮುರಿದ. ಮುಖದ ಗುರುತು ಸಿಗದಂಗೆ ಆಗೋ ತನಕ ಹೊಡೆದ. ಕಾಲು ಹಿಡಿದು ಬಾವಿಗೆ ನೂಕಿದ. ಕಿವಿಗೊಟ್ಟು ನಿಂತ.

ನೀರಿನ ಸದ್ದು ಬರಲೇ ಇಲ್ಲ.

ಮನೆಗೆ ಓಡಿದ. ಬಾಗಿಲು ಬಡಿದ. ಮಲ್ಲಿಕಾಂಬ ಬುಡ್ಡಿದೀಪ ಹಿಡ್ಕೊಂಡು ಬಂದು ತೆಗೆದ್ಲು. ಬದುಕಿದ್ಲು. ಅವಳ ತಲೆ ಮುಟ್ಟಿ ಮುಟ್ಟಿ ನೋಡಿ, ಹೊಸ್ತಿಲ ಮೇಲೇ ಕುಸಿದು ಅತ್ತ.

ಬೆಳಿಗ್ಗೆ ಅವನು ಹೇಳಿದ್ದು ಕೇಳಿ ನಮ್ಮೂರಿನ ಸಣ್ಣಬೀರಪ್ಪ ಬಾವಿಗೆ ಪಾತಾಳಗರಡಿ ಕೊಕ್ಕೆ ಇಳಿಬಿಟ್ಟು ಜಾಲಾಡಿದ. ಹೆಣ ಸಿಗಲಿಲ್ಲ. ಓಂಕಾರಮೂರ್ತಿ ಆಮೇಲೆ ಸಾರಾಯಿ ಮುಟ್ಟಲಿಲ್ಲ. ಕುಡಿತ ಬಿಟ್ಟ ಸಂಕಟಕ್ಕೆ ನಡುಗಿದ, ಅರಚಾಡಿದ, "ನನ್ನ ಕಂಬಕ್ಕೆ ಕಟ್ಟಾಕ್ರೋ" ಅಂದ. ಕಟ್ಟಿದ್ವಿ. ನಡುಕ ಇಳಿದು ಕಟ್ಟು ಬಿಚ್ಚಿದ ದಿನ, ಹುಟ್ಟೋ ಮಗೂಗೆ ಏನ್ ಹೆಸರಿಡೋಣ ಅಂತ ಹೆಂಡ್ತೀನ ಕೇಳಿದ. ನಾಳೆ ಬಗ್ಗೆ ಅವನು ಭಯವಿಲ್ಲದೆ ಆಡಿದ ಮೊದಲ ಮಾತು ಅದು.

ಕಟ್ಟುಕತೆ ಅನ್ಬೇಡಿ. ಮಲ್ಲಿಕಾಂಬನೇ ನಮ್ಮವ್ವನ ಕೂಡೆ ಹೇಳಿದ್ದು, ನಾನು ಅಲ್ಲೇ ಕೂತಿದ್ದೆ. ಆ ರಾತ್ರಿ ಬಾಗಿಲು ತೆಗೆದಾಗ ಅವಳು ಕೇಳಿದ್ದು ಇಷ್ಟೇ...

"ಮತ್ತೆ ಯಾವಾಗ ಆಚೆ ಹೋದ್ರಿ? ಈಗ ತಾನೇ ಬಂದು ಉಣ್ಣೋಕೆ ಕೂತಿದ್ರಲ್ಲ."

ಒಲೆ ಪಕ್ಕ ತಟ್ಟೆ ಇತ್ತು. ಅದರಲ್ಲಿ ಅರ್ಧ ಮುರಿದ ಮುದ್ದೆ... ಇನ್ನೂ ಹಬೆ ಆಡ್ತಿತ್ತು.