ಇದ್ದೇನೆ ಮಾರಾಯಾ

ಸಂಜೆಯ ಮಳೆಗೆ ಕೊಲ್ಲಿ ನಾಡಿನ ದೇರಾದ ಬೀದಿಗಳು ಮೊಣಕಾಲುದ್ದ ಮುಳುಗಿ, ನಮ್ಮ ಕಟ್ಟಡದ ಲಿಫ್ಟ್ ಕೂಡ ನಿಂತುಹೋಗಿತ್ತು. ಹೊರಗೆ ಹೋಗುವಂತಿರಲಿಲ್ಲವಾದ್ದರಿಂದ ನಾವೆಲ್ಲ ಒಂದೇ ಕೋಣೆಯಲ್ಲಿ ಸೇರಿದ್ದೆವು. ಮರುದಿನ ಜಾರ್ಜಿಯಾದ ಬೆಟ್ಟಗಳಿಗೆ ಚಾರಣ ಹೊರಡಲಿದ್ದ ಎಲ್ರಾಯ್ ಮತ್ತು ಅನ್ಸಿಫ್ ನೆಲದ ಮೇಲೆ ಚೀಲ ತುಂಬುತ್ತಿದ್ದರು. ತಾಯಿ ಊರಿನಿಂದ ಕಳುಹಿಸಿದ್ದ ಒಣಬಂಗುಡೆಯ ಕಟ್ಟನ್ನು ಎಲ್ರಾಯ್ ಚೀಲದ ತಳಕ್ಕೆ ತುರುಕಿದೊಡನೆ, ನಮ್ಮೆಲ್ಲರಿಗಿಂತ ಹಿರಿಯರಾದ, ಅಡುಗೆ ಕೆಲಸದಲ್ಲೇ ಬೆನ್ನು ಬಾಗಿದ ಕಜೆತಾನ್ ಅಂಕಲ್ ಚಹಾದ ಲೋಟವನ್ನು ಕೆಳಗಿಟ್ಟರು.

"ಅದನ್ನು ತೆಗಿ. ಅಲ್ಲಿ ಕರಡಿ ಉಂಟು."

"ಇರಲಿ ಅಂಕಲ್, ಅದಕ್ಕೂ ಒಂದು ತುಂಡು ಕೊಡುವ," ಎಂದು ಅನ್ಸಿಫ್ ನಕ್ಕ.

"ನಗು, ನಗು... ನಮ್ಮ ಡ್ರೈವರ್ ಅಬೂಬಕ್ಕರ್ ಕೂಡ ಹೀಗೆಯೇ ನಗ್ತಿದ್ದ. ಹದಿನೈದು ವರ್ಷದ ಹಿಂದೆ ನಮ್ಮ ಅರ್ಬಾಬ್, ಅಂದ್ರೆ ಧಣಿ, ಕಾಡುಮೇಕೆ ಬೇಟೆಗೆ ಅಂತ ಅದೇ ಬೆಟ್ಟಕ್ಕೆ ಹೋಗುವಾಗ ಅಡುಗೆಗೆ ನನ್ನನ್ನು, ಸಾಮಾನು ಹೊರಲಿಕ್ಕೆ ಅವನನ್ನು ಕರ್ಕೊಂಡು ಹೋದದ್ದು. ದಾರಿ ತೋರಿಸುವ ಅಲ್ಲಿಯ ಮುದುಕ ಮೊದಲ ದಿನವೇ ಹೇಳಿದ... ತಿನ್ನುವಂಥದ್ದು ಒಂದು ಚೂರೂ ಡೇರೆಯಲ್ಲಿ ಇರಬಾರದು, ದೂರದ ಮರಕ್ಕೆ ಎತ್ತರದಲ್ಲಿ ಕಟ್ಟಬೇಕು. ಮಂಜಿನಲ್ಲಿ ನಡೆಯುವಾಗ ಒಬ್ಬರನ್ನೊಬ್ಬರು ಕೂಗ್ತಾ ಇರಬೇಕು, ಮನುಷ್ಯರ ಸ್ವರ ಕೇಳಿದರೆ ಕರಡಿ ತಾನಾಗಿ ದಾರಿ ಬಿಡ್ತದೆ ಅಂತ. ಕೂಗಿದೆವು. ನಾನು 'ಓಯ್, ಇದ್ದೀಯಾ?' ಅನ್ನುವುದು, ಅವ 'ಇದ್ದೇನೆ ಮಾರಾಯಾ' ಅನ್ನುವುದು. ಆದರೆ ಒಣಮೀನು ಇಲ್ಲದೆ ನಮಗೆ ಅನ್ನ ಇಳೀತದಾ? ಹೊರಡುವಾಗ ಅಲ್ ಮೀನಾದ ಮೀನು ಮಾರ್ಕೆಟಿಂದ ತಂದ ಕಟ್ಟು ನನ್ನ ಹಾಸಿಗೆ ಅಡಿಯಲ್ಲಿತ್ತು... ಮೂರನೇ ದಿನ ಮುದುಕ ಡೇರೆ ಡೇರೆ ಹುಡುಕ್ತಾ ಬಂದ. ಸಿಕ್ಕಿದರೆ ನನ್ನ ಕೆಲಸ ಖಲಾಸ್! ಅಬೂಬಕ್ಕರನ ಡೇರೆಯನ್ನು ಮುದುಕ ನೋಡಿ ಆಗಿತ್ತು, ಅಬೂಬಕ್ಕರ್ ನೀರು ತರಲಿಕ್ಕೆ ಹೋಗಿದ್ದ. ಕಟ್ಟನ್ನು ಅವನ ಕಂಬಳಿ ಅಡಿಗೆ ದೂಡಿದೆ. ಆಮೇಲೆ ಹೇಳುವ ಅಂತ... ಹೇಳಲಿಲ್ಲ."

ಅಂಕಲ್ ತಣ್ಣಗಾದ ಚಹಾವನ್ನು ಒಂದೇ ಗುಟುಕಿಗೆ ಮುಗಿಸಿದರು.

"ಬೆಳಗ್ಗೆ ನೋಡಿದರೆ ಅವನ ಡೇರೆಯನ್ನು ಕರಡಿ ಹರಿದು ಹಾಕಿತ್ತು. ಹೆಣವನ್ನು ಅರ್ಬಾಬನ ಜನ ಮೊದಲೇ ಕೆಳಗೆ ಸಾಗಿಸಿದರು. ಮುದುಕ ಮುಂದೆ, ನಾನು ಹಿಂದೆ, ಮಂಜಿನಲ್ಲಿ ಇಳೀತಾ ಇದ್ದೆವು. ಹೆದರಿಕೆಗೆ ಅಭ್ಯಾಸಬಲದಲ್ಲಿ ಕೂಗಿಬಿಟ್ಟೆ, 'ಓಯ್, ಇದ್ದೀಯಾ?' ಮುದುಕನಿಗೆ ನಮ್ಮ ಭಾಷೆ ಬರ್ತದಾ? ಇಲ್ಲ... ಆದರೂ ನನ್ನ ಬೆನ್ನ ಹಿಂದೆ, ಕಿವಿ ಹತ್ತಿರವೇ, ಒಣಮೀನಿನ ವಾಸನೆಯ ಉಸಿರು ಬಿಡ್ತಾ... 'ಇದ್ದೇನೆ ಮಾರಾಯಾ.'"

ಎಲ್ರಾಯನ ಕೈ ಚೀಲದೊಳಗೇ ನಿಂತಿತು.

"ಸುಮ್ಮನೆ ಹೆದರಿಸ್ತೀರಿ," ಎಂದ ಅನ್ಸಿಫ್. ಈ ಸಲ ಅವನು ನಗಲಿಲ್ಲ.

"ಹೆದರಿಸುವುದಾ? ಆವತ್ತಿನಿಂದ ಒಣಮೀನು ಇರುವ ಕೋಣೆಯಲ್ಲಿ ನಾನು ಯಾರನ್ನೂ 'ಇದ್ದೀಯಾ' ಅಂತ ಕೇಳಿದ್ದಿಲ್ಲ. ನಾಳೆ ಬೆಟ್ಟದ ಮಂಜಿನಲ್ಲಿ ಈ ಮೀನು ಹೊತ್ತುಕೊಂಡು ನೀವು ಹಾಗೆ ಕೇಳಲೇಬೇಕಾಗ್ತದೆ... ಹಾಗಾದರೆ ನಾನು ಹೇಳಿದ್ದು ಸುಳ್ಳಾ ನಿಜವಾ ನೋಡುವ, ಈಗಲೇ, ಇಲ್ಲಿಯೇ, ಒಂದು ಸಲ ಕೂಗ್ತೇನೆ. ನೀವೆಲ್ಲ ಬಾಯಿ ಬಿಗಿದು ಕೂರಿ. ಯಾರೂ ಉತ್ತರ ಕೊಡಬೇಡಿ... ಉತ್ತರ ಬಂದರೆ, ಯಾರೂ ತಿರುಗಿ ನೋಡಬೇಡಿ."