ಅನ್ನ ನೀಡಾಕಿ

ಇಲ್ಲ ಸುವರ್ಣಾ, ಇಷ್ಟೇ. ಇನ್ನೊಂದು ತುತ್ತೂ ನೀಡಂಗಿಲ್ಲ ನಿಮ್ಮಣ್ಣಗ. ಕೂಗ್ಲಿ ಬಿಡು. ಕೂಗಿ ಕೂಗಿ ಸಾಕಾದ ಮ್ಯಾಲ ಗ್ವಾಡಿ ಕಡಿ ಮಾರಿ ಮಾಡಿ ಮಲಗ್ತಾರ, ದಿನಾ ಹಿಂಗೇ… ನೀ ಉಣ್ಣು. ಯಾಕ ಹಂಗ ನೋಡ್ತಿ? ನಾನೇನು ನನ್ನ ಮನಸಿಗೆ ಬಂದಂಗ ಅಳತಿ ಮಾಡಾಕತ್ತಿಲ್ಲ. ಡಾಕ್ಟ್ರು ಹೇಳ್ಯಾರ. ಹೊತ್ತಿಗೆ ಅವರ ಮುಷ್ಟಿಯಷ್ಟು ಅನ್ನ. ರೊಟ್ಟಿ ಉಂಡ್ರ ಅದೂ ಇಲ್ಲ. ಉಳಿದದ್ದೆಲ್ಲಾ ಪಲ್ಯ, ಬ್ಯಾಳಿ, ಹಸಿ ಸೌತಿಕಾಯಿ. ಏನು? ಕಾಲು ತಗದ ಮ್ಯಾಲ ಅಳತಿ ಹಿಡಿದು ಏನು ಬಂತು ಅಂತೀಯಾ? ಇನ್ನೊಂದು ಕಾಲು ಐತಲ್ಲ ತಾಯಿ.

ನಕ್ಕಿಲ್ಲ ನಾನು. ನನ್ನ ಬಾಯೇ ಹಂಗಾಗೈತಿ.

ಹೆಂಗಾತು ಅಂತ ಬಂದಾಗಿಂದ ಕೇಳಾಕತ್ತಿ. ಹೇಳ್ತೀನಿ, ಉಣ್ಕೊಂತ ಕೇಳು. ನಿಮ್ಮಣ್ಣ ರೈಸ್ ಮಿಲ್ಲಿನ್ಯಾಗ ಮೇಸ್ತ್ರಿ. ಭತ್ತ ಕುದಿಸೋ ಬಾಯ್ಲರ್ ಅವರ ಉಸ್ತುವಾರಿ, ಅದು ನಿನಗೂ ಗೊತ್ತು. ಬಾಯ್ಲರಿಗೆ ಭತ್ತದ ಹೊಟ್ಟು ಹಾಕಿ ಉರಸ್ತಾರ. ಅದರ ಬೂದಿ ಮಿಲ್ಲಿನ ಹಿಂದ ಗುಡ್ಡಿ ಬೀಳ್ತೈತಿ. ಮ್ಯಾಲ ನೋಡಿದ್ರ ತಣ್ಣಗ, ಒಳಗೆಲ್ಲಾ ಕೆಂಡ. ಮೂವತ್ತು ವರ್ಷ ಅಲ್ಲೇ ದುಡದ ಮನುಷ್ಯಾಗ ಅದು ಗೊತ್ತಿಲ್ಲೇನು? ಅವತ್ತು ಯಾರಿಗೋ ಬೈಕೊಂತ ಆ ಬೂದ್ಯಾಗ ಕಾಲಿಟ್ಟು ನಿಂತಾರ. ಹಮಾಲಿ ಸುಂಕಣ್ಣ ಬಂದು, ಮೇಸ್ತ್ರಿ, ಚಪ್ಪಲಿ ಸುಟ್ಟ ವಾಸನಿ ಬರಾಕತ್ತೈತಿ ನೋಡ್ರಿ ಅಂದನಂತ. ಇವರು ಕೆಳಗ ನೋಡಿ, ಹೌದಲ್ಲ ಅಂದ್ರಂತ. ಅಷ್ಟೇ. ರಬ್ಬರು ಕರಗಿ ಅಂಗಾಲಿಗೆ ಅಂಟ್ಕೊಂಡಿತ್ತು. ಇವರಿಗೆ ಉರಿ ಇಲ್ಲ, ನೋವಿಲ್ಲ. ಆ ಕಾಲು ಯಾವತ್ತೋ ಸತ್ತಿತ್ತು. ಇವರು ಅದರ ಮ್ಯಾಲ ಅಡ್ಡಾಡ್ತಿದ್ರು.

ಬಳ್ಳಾರಿಗೆ ಒಯ್ದ್ವಿ. ಸಕ್ಕರಿ ನಾಕುನೂರರ ಮ್ಯಾಲ. ಎಷ್ಟು ವರ್ಷದಿಂದ ಐತಿ ಅಂತ ಡಾಕ್ಟ್ರು ಕೇಳಿದ್ರು. ಇವರು ನನ್ನ ಮಾರಿ ನೋಡಿದ್ರು. ನಾ ಗ್ವಾಡಿಗೆ ಹಾಕಿದ್ದ ಕ್ಯಾಲೆಂಡರ್ ನೋಡಿದೆ. ಮೊದಲು ಹೆಬ್ಬೆರಳು ತಗದ್ರು, ಹದಿನೈದು ದಿನಕ್ಕ ಪಾದ, ಆಮ್ಯಾಲ ಮಣಕಾಲ ಕೆಳಗ. ಕಂಟೋನ್ಮೆಂಟಿನ್ಯಾಗ ಇರಾಕಿ ನೀನು, ದವಾಖಾನಿ ನಿನಗ ಹತ್ತು ನಿಮಿಷದ ದಾರಿ. ಆದ್ರ ಅಲ್ಲಿಗೆ ಬರಲಿಲ್ಲ. ಸಿರುಗುಪ್ಪಕ್ಕ ವಾಪಸ್ ಬಂದು ಇಪ್ಪತ್ತು ದಿನ ಆದ ಮ್ಯಾಲ ಇವತ್ತು ಬಂದಿ. ಬಂದಾಕಿ ಬಾಗಲಾಗೇ ನಿಂತು ಕೇಳಿದಿ, ಇಷ್ಟು ವರ್ಷ ನೀವೇನು ಮಾಡ್ತಿದ್ರಿ ಅತ್ತಿಗಿ ಅಂತ.

ಏನು ಮಾಡ್ತಿದ್ದೆ? ಅನ್ನ ನೀಡ್ತಿದ್ದೆ.

ಇರು, ಪುಂಡಿಪಲ್ಯ ಹಾಕ್ತೀನಿ. ಬ್ಯಾಡ ಅನಬ್ಯಾಡ, ಎಷ್ಟು ಬೇಕಾದ್ರೂ ಉಣ್ಣಬಹುದು ಇದನ್ನ. ಇದಕ್ಕ ಯಾರೂ ಅಳತಿ ಹಾಕಿಲ್ಲ.

ಅವರ ಊಟ ನಿನಗ ಹೇಳೋದೇನೈತಿ, ಅದೇ ಪಂಕ್ತ್ಯಾಗ ಕೂತು ಬೆಳದಾಕಿ. ಮುಂಜಾನಿ ಬಸ್ ಸ್ಟ್ಯಾಂಡ್ ಕಡಿ ಹೋಗಿ ಎರಡು ಪ್ಲೇಟ್ ಮಂಡಕ್ಕಿ ಒಗ್ಗರಣಿ, ಆರು ಮಿರ್ಚಿ. ಮಧ್ಯಾಹ್ನ ಮೂರು ರೊಟ್ಟಿ. ರೊಟ್ಟಿ ಅಂದ್ರ ಅವರಿಗೆ ಊಟ ಅಲ್ಲ, ಊಟಕ್ಕಿಂತ ಮೊದಲಿಂದು. ಆಮ್ಯಾಲ ಅನ್ನ. ತಾಟಿನ್ಯಾಗ ಗುಡ್ಡಿ ಆಗಬೇಕು, ನಡುವ ಕುಣಿ ಮಾಡಿ ಸಾರು ಹುಯ್ಯಬೇಕು, ಸಾರು ದಂಡಿ ಒಡದು ಹರೀಬಾರದು. ಹಂಗ ಮೂರು ಸಲ, ನಾಕನೇದ್ದು ಮಸರಿಗೆ. ಕಡಿಮಿ ಬಿತ್ತಂದ್ರ ತಾಟು ಹಾರ್ತಿತ್ತು. ಮಿಲ್ಲಿನ ಸೋನಾ ಮಸೂರಿ ತಂದು ಹಾಕ್ತೀನಿ, ನೀಡಾಕ ಯಾಕ ಕೈ ಬರವಲ್ದು ನಿನಗ ಅಂತ.

ಮತ್ತ ನನ್ನ ಊಟ? ಅದು ನೆನಪೈತೇನು ನಿನಗ?

ಇಲ್ಲಂದ್ರ ನಾ ಹೇಳ್ತೀನಿ. ಗಂಗೋತ್ರಿ ಹೊಟ್ಟ್ಯಾಗಿದ್ದಾಗ, ಐದನೇ ತಿಂಗಳು. ಕುರುಗೋಡಿನ್ಯಾಗ ನಮ್ಮವ್ವನ ಮನ್ಯಾಗ ಹಸಿವಾದ್ರ ಗಡಿಗಿ ಮುಚ್ಚಳ ತಗದು ಉಣ್ಣೋದು ರೂಢಿ. ಇಲ್ಲಿಯ ರೀತಿ ಗೊತ್ತಿರಲಿಲ್ಲ ನನಗ. ಮುಂಜಾನಿ ಹತ್ತಕ್ಕ ತಂಗಳನ್ನಕ್ಕ ಮಜ್ಜಿಗಿ ಕಲಸಿ ಉಂಡೆ. ಅವರು ಮಧ್ಯಾಹ್ನ ಬಂದ ಕೂಡಲೇ ನಿಮ್ಮವ್ವ ಹೇಳಿದ್ರು, ಗಂಡನಗಿಂತ ಮೊದಲು ಉಂಡಾಳ ನಿನ್ನ ಹೆಂಡ್ತಿ ಅಂತ. ಅವರು ಬೈಲಿಲ್ಲ, ಹೊಡೀಲಿಲ್ಲ. ಅಡಗಿ ಮನಿಗೆ ಬಂದು ನನ್ನ ಕೈ ಹಿಡಿದು, ಮುಷ್ಟಿ ಮುಚ್ಚಿಸಿ, ಎತ್ತಿ ಹಿಡಿದು ನಿಮ್ಮವ್ವಗ ತೋರಿಸಿದ್ರು. ಹೊತ್ತಿಗೆ ಇಷ್ಟು ಹಾಕು ಇಕಿಗೆ, ಮ್ಯಾಲ ಒಂದು ಅಗಳು ಬ್ಯಾಡ ಅಂದ್ರು.

ಹಂಗೇ ಹಾಕಿದ್ರು ನಿಮ್ಮವ್ವ. ಸಾಯೋ ತನಕ ಹಾಕಿದ್ರು. ಪಲ್ಯ ಉಳಿದ್ರ ಪಲ್ಯ, ಇಲ್ಲಂದ್ರ ಖಾರದ ಹಿಂಡಿ, ನೀರು. ನಿನಗಾಗ ಹದಿನೇಳು ವರ್ಷ. ಒಂದಿನ ನಿನ್ನ ತಾಟು ತೊಳಿಯಾಕ ಒಯ್ಯುವಾಗ ಅದರಾಗ ನೀ ಬಿಟ್ಟಿದ್ದನ್ನ ನಾ ಬಾಯಿಗೆ ಹಾಕ್ಕೊಂಡೆ. ನೀ ಹಿತ್ತಲ ಬಾಗಲಾಗ ನಿಂತಿದ್ದಿ. ನೋಡಿ ನಕ್ಕಿ. ಒಳಗ ಹೋಗಿ ಹೇಳಲಿಲ್ಲ, ಅದಕ್ಕ ನಿನ್ನ ಮ್ಯಾಲ ನನಗ ಅಷ್ಟು ಸಿಟ್ಟಿಲ್ಲ.

ಗಂಗೋತ್ರಿ ಎರಡು ಕಿಲೋಕ್ಕಿಂತ ಕಡಿಮಿ ಹುಟ್ಟಿದ್ಲು. ತೊಟ್ಟಿಲಾಗ ಹಾಕಿದ್ರ ಬಟ್ಟಿ ಯಾವುದು, ಕೂಸು ಯಾವುದು ತಿಳೀತಿರಲಿಲ್ಲ.

ತಣ್ಣಗಾಗ್ತೈತಿ, ಉಣ್ಣು.

ಹನ್ನೊಂದು ವರ್ಷದ ಹಿಂದಿನ ಮಾತು ಈಗ. ಮಿಲ್ಲಿನ ಮಾಲಕ್ರು ಎಲ್ಲಾರ ರಕ್ತ ತಪಾಸಣಿ ಮಾಡಿಸಿದ್ರು. ಇವರದು ಸ್ವಲ್ಪ ಹೆಚ್ಚು ಬಂದೈತಿ, ಬಳ್ಳಾರ್ಯಾಗ ತೋರಿಸ್ರಿ ಅಂದ್ರು. ನನ್ನೂ ಕರಕೊಂಡು ಹೋದ್ರು. ಯಾಕಂದ್ರ ಒಬ್ಬರೇ ಹೋಗಾಕ ಹೆದರಿಕಿ. ಹೌದು, ನಿಮ್ಮಣ್ಣಗ. ಸೂಜಿ ಕಂಡ್ರ ಅಂಗಿ ತೋಯುವಂಗ ಬೆವರ್ತಿದ್ರು. ರಕ್ತ ಕೊಟ್ಟು ತಲಿ ತಿರುಗಿ ಹೊರಗ ಬೆಂಚಿನ ಮ್ಯಾಲ ಒರಗಿಬಿಟ್ರು. ಊಟದ ಬಗ್ಗೆ ಹೇಳೋ ಮೇಡಂ ನನ್ನೊಬ್ಬಾಕಿನ್ನೇ ಒಳಗ ಕರದ್ರು.

ಸಣ್ಣ ವಯಸ್ಸಿನಾಕಿ. ನನಗ ಕುರ್ಚಿ ಹಾಕಿ ಕೂಡಿಸಿದ್ಲು. ನಿಮ್ಮ ಯಜಮಾನರಿಗೆ ಸಕ್ಕರಿ ಕಾಯಿಲಿ ಇನ್ನೂ ಬಂದಿಲ್ರಿ, ಹೊಸ್ತಿಲ ಹೊರಗ ನಿಂತೈತಿ, ಈಗ ಎಚ್ಚರ ಆದ್ರ ತಡೀಬಹುದು ಅಂದ್ಲು. ಗುಳಿಗಿನೂ ಸದ್ಯ ಬ್ಯಾಡ. ದಿನಾ ನಡೀಬೇಕು, ಅನ್ನ ಇಳಿಸಬೇಕು. ಒಂದು ಹಾಳಿ ಮ್ಯಾಲ ತಾಟು ಬರದ್ಲು, ಗೀಟು ಹಾಕಿದ್ಲು. ಅರ್ಧ ತಾಟು ಪಲ್ಯ, ಸೊಪ್ಪು. ಉಳಿದ ಅರ್ಧದಾಗ ಅರ್ಧ ಬ್ಯಾಳಿ, ಕಾಳು. ಮತ್ತ ಉಳಿದ ಆ ಮೂಲಿಯೊಳಗ ಅನ್ನ, ಇಲ್ಲಾ ರೊಟ್ಟಿ. ಎರಡೂ ಬೇಕಂದ್ರ ಎರಡೂ ಸೇರಿ ಆ ಮೂಲಿ ದಾಟಬಾರದು. ಆಲೂಗಡ್ಡಿ ಪಲ್ಯ ಅಲ್ರಿ, ಅದೂ ಅನ್ನದ ಸಾಲಿಗೇ ಅಂದ್ಲು. ಅವಲಕ್ಕಿ, ಸಾಬಕ್ಕಿ, ಮಂಡಕ್ಕಿ ಎಲ್ಲಾ ಆ ಸಾಲಿಗೇ. ಅನ್ನ ಎಷ್ಟ್ರಿ ಅಂತ ಕೇಳಿದೆ. ಅಕಿ ಮುಷ್ಟಿ ಮುಚ್ಚಿ ಎತ್ತಿ ತೋರಿಸಿದ್ಲು. ಇಷ್ಟು ಅಂದ್ಲು.

ನನಗ ನಗು ಬಂತು ಸುವರ್ಣಾ. ತಡ್ಕೊಳ್ಳಾಕ ಆಗಲಿಲ್ಲ, ಸೆರಗು ಬಾಯಿಗಿಟ್ಕೊಂಡು ನಕ್ಕೆ. ಯಾಕ್ರಿ ಅಂದ್ಲು. ಹದಿನೆಂಟು ವರ್ಷದಿಂದ ನಾ ಇಷ್ಟೇ ಉಣ್ಣಾಕತ್ತೀನ್ರಿ, ನನಗ ಯಾವ ಕಾಯಿಲೀನೂ ಬರಂಗಿಲ್ಲ ಬಿಡ್ರಿ ಅಂದೆ. ಅಕಿ ನಗಲಿಲ್ಲ. ನನ್ನ ಕೈಬಳಿ ನೋಡಿದ್ಲು, ಮಣಕೈ ತನಕ ಜಾರ್ತಿದ್ವು. ಬರೇ ಅನ್ನದ ಅಳತಿ ಹಿಡಕೋಬ್ಯಾಡ್ರಿ ಅಂದ್ಲು. ಪಲ್ಯ, ಬ್ಯಾಳಿ ಸೇರಿ ಹೊಟ್ಟಿ ತುಂಬಬೇಕು, ಇದು ಉಪವಾಸ ಕೆಡವೋ ಲೆಕ್ಕ ಅಲ್ಲ. ನೀವೂ ಹಿಂಗೇ ತಾಟು ತುಂಬಿಸಿಕೊಂಡು ಉಣ್ರಿ ಅಂದ್ಲು. ಆಮ್ಯಾಲ ಹಾಳಿ ಮಡಚಿ ನನ್ನ ಕೈಯಾಗಿಟ್ಟು ಹೇಳಿದ್ಲು, ಮನ್ಯಾಗ ನೀಡಾಕಿ ನೀವು, ನಿಮ್ಮ ಯಜಮಾನರ ಆರೋಗ್ಯ ನಿಮ್ಮ ಕೈಯಾಗೇ ಐತಿ ಅಂತ.

ನನ್ನ ಕೈಯಾಗ ಏನರ ಐತಿ ಅಂತ ಅಲ್ಲೀತನಕ ಯಾರೂ ನನಗ ಹೇಳಿರಲಿಲ್ಲ.

ಮತ್ತ ಹೇಳಲಿಲ್ಲೇನು ಅಂತೀಯಾ? ಹೇಳಿದೆ, ನಿಮ್ಮಣ್ಣಗ ಎಲ್ಲಾ ಹೇಳಿದೆ. ಕೇಳೋ ಮನುಷ್ಯಾನಾ ಅವರು? ಒಂದಿನ ಮೇಡಂ ಹೇಳಿದಂಗ ನೀಡಿದೆ, ತಾಟು ಎತ್ತಿ ಹಿತ್ತಲಿಗೆ ಒಗದ್ರು… ಅಲ್ಲ, ಒಗದಿದ್ದು ಅದಕ್ಕೂ ಮೊದಲು, ಗಂಗೋತ್ರಿ ಸಾಲಿಗೆ ಹೋಗುವಾಗ. ಅವತ್ತು ಬರೇ ಬೈದ್ರು. ನೀನೇನು ಡಾಕ್ಟ್ರಾ ಅಂತ ಬೈದ್ರು. ನಾ ಸುಮ್ಮನಾದೆ. ಗಂಡಸರು ಕೇಳದಿದ್ರ ಹೆಣ್ಣಮಕ್ಕಳು ಏನು ಮಾಡಾಕಾಗ್ತೈತಿ ಹೇಳು.

ನಾನು ಮಾತ್ರ ಮರುದಿನದಿಂದ ಆ ಹಾಳ್ಯಾಗಿದ್ದಂಗ ಉಣ್ಣಾಕ ಸುರು ಮಾಡಿದೆ. ಅಷ್ಟೊತ್ತಿಗೆ ನಿಮ್ಮವ್ವ ತೀರಿಕೊಂಡು ಎರಡು ವರ್ಷ, ಕೇಳೋರು ಯಾರು? ಅರ್ಧ ತಾಟು ಪಲ್ಯ, ಬಟ್ಟಲ ತುಂಬ ಬ್ಯಾಳಿ. ಗಂಗೋತ್ರಿಗೂ ಅದನ್ನೇ ಕಲಿಸಿದೆ. ಹೋದ ತಿಂಗಳು ಅವರ ಜೋಡಿ ನನ್ನ ರಕ್ತಾನೂ ನೋಡಿದ್ರು, ಏನೂ ಇಲ್ಲ. ಐವತ್ತೆರಡಕ್ಕ ಇಷ್ಟು ಚೊಲೊ ಅದೀರಲ್ಲ ಅಮ್ಮಾ ಅಂದ್ರು ಡಾಕ್ಟ್ರು.

ಏನು? ಒಂದೇ ಒಲಿ ಮ್ಯಾಲ ಎರಡು ನಮೂನಿ ಊಟ ಹೆಂಗ ಅಂತೀಯಾ? ಅದರಾಗೇನೈತಿ. ಅವರಿಗೆ ನೀಡಿದ ಮ್ಯಾಲ ನಾವು ಉಣ್ತಿದ್ವಿ. ನಮ್ಮ ತಾಟು ಅವರು ಯಾವತ್ತು ನೋಡ್ಯಾರ?

ಒಳಗ ಅವರ ಹತ್ರ ಅರ್ಧ ತಾಸು ಕೂತಿದ್ದಿ ನೀನು… ಏನಂದ್ರು? ಅವತ್ತು ಬಳ್ಳಾರ್ಯಾಗ ಎಲ್ಲಾ ನಾರ್ಮಲ್ ಅಂದಿದ್ರು, ಹನ್ನೊಂದು ವರ್ಷದಾಗ ಹೆಂಗ ಬಂತೋ ಗೊತ್ತಿಲ್ಲ ಅಂದ್ರೇನು? ನೋವಿನ ಗುಳಿಗಿ ನುಂಗಿ ಏನೇನೋ ಮಾತಾಡ್ತಾರ, ಮನಸಿಗೆ ಹಚ್ಕೋಬ್ಯಾಡ.

ಕೈ ಯಾಕ ತಾಟಿನ್ಯಾಗ ನಿಂತೈತಿ? ಉಣ್ಣು. ಇಲ್ಲಾ ಏನರ ಕೇಳು. ಬಾಗಲಾಗ ನಿಂತು ಅಷ್ಟು ಕೇಳಿದಾಕಿ, ಈಗ ಕೇಳು… ಕೇಳವಲ್ಲಿ.

ಹೌದು. ನಾರ್ಮಲ್ ಅಂದಾಕಿ ನಾನೇ.

ವಾಪಸ್ ಬರುವಾಗ ಬಸ್ಸಿನ್ಯಾಗ ಕಿಟಕಿ ಕಡಿ ಕೂತಿದ್ರು. ತೆಕ್ಕಲಕೋಟಿ ದಾಟೋ ತನಕ ಎರಡೂ ಕಡಿ ಭತ್ತದ ಗದ್ದಿ, ಅದನ್ನೇ ನೋಡ್ತಿದ್ರು. ಆಮ್ಯಾಲ ಮೆತ್ತಗ ಕೇಳಿದ್ರು, ಏನಂದ್ಲು ದಾಕ್ಷಾಯಣಿ, ನನಗೇನೂ ಆಗಿಲ್ಲಲ್ಲ ಅಂತ. ನನ್ನ ಹೆಸರು ಹಿಡಿದು ಅಷ್ಟು ಮೆತ್ತಗ ಕರದಿದ್ದು ಅದೇ ಮೊದಲು. ತುಟಿ ಒಣಗಿತ್ತು. ಅವತ್ತು ಏನು ಹೇಳಿದ್ರೂ ಕೇಳ್ತಿದ್ರು ಸುವರ್ಣಾ. ಇನ್ನ ಮ್ಯಾಲ ಬರೇ ಸೊಪ್ಪು ಉಣ್ರಿ ಅಂದಿದ್ರ ಅದನ್ನೂ ಉಣ್ತಿದ್ರು. ಅದು ನನಗ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, ಎಲ್ಲಾ ನಾರ್ಮಲ್ ಐತಂತ, ಚೆಂದಾಗಿ ಉಣ್ರಿ ಅಂದಾಳ ಅಂತ.

ಆ ಹಾಳಿ ಅವರಿಗೆ ತೋರಿಸಲೇ ಇಲ್ಲ ನಾನು. ಬೈದಿದ್ದು, ತಾಟು ಒಗದಿದ್ದು, ಅವೆಲ್ಲಾ ಹಳೇವು. ಆ ಹನ್ನೊಂದು ವರ್ಷದಾಗ ನನಗೊಂದು ಮಾತು ಅಂದಿಲ್ಲ ಅವರು. ಅನ್ನಾಕ ಏನಿತ್ತು? ತಾಟು ತುಂಬಿರ್ತಿತ್ತು.

ಎದ್ದೇಳಬ್ಯಾಡ. ಇನ್ನೊಂದೈತಿ, ಅದನ್ನೂ ಕೇಳಿ ಹೋಗು.

ನಾಕೈದು ವರ್ಷದ ಹಿಂದ ಯಾಕೋ ತಾವೇ ಅಂಜಿದ್ರು. ಬಾಯಿ ಒಣಗ್ತೈತಿ, ಎಷ್ಟು ನೀರು ಕುಡಿದ್ರೂ ಸಾಲವಲ್ದು, ಕಾಲು ಜೋಮು ಹಿಡಿದಂಗ ಇರ್ತೈತಿ ಅನ್ನಾಕತ್ತಿದ್ರು. ಬಿಸಲಿಗೆ ಹಂಗಾಗ್ತೈತಿ ಅಂದೆ. ಅದೇ ಮಧ್ಯಾಹ್ನ ಎರಡನೇ ಸಲ ನೀಡಾಕ ಹೋದಾಗ ತಾಟಿಗೆ ಅಡ್ಡ ಕೈ ಇಟ್ರು. ಸಾಕು ದಾಕ್ಷಾಯಣಿ, ಕಡಿಮಿ ಉಣ್ಣಬೇಕು ಅನಸ್ತೈತಿ ಅಂದ್ರು. ನಾ ಸಟ್ಟುಗ ಹಿಡಕೊಂಡು ಆ ಕೈ ನೋಡಿದೆ. ಎಷ್ಟು ವರ್ಷ ಅಂಜೀನಿ ಆ ಕೈಗೆ. ಎರಡು ಬೆರಳಿಂದ ಸರಿಸಿದೆ ಸುವರ್ಣಾ. ಸುಮ್ಮನ ಸರೀತು. ದುಡಿಯೋ ಗಂಡಸು, ಹೊಟ್ಟಿ ಕಟ್ಟಬಾರದು ಅಂದು ಮತ್ತೊಂದು ಸಲ ನೀಡಿದೆ.

ಉಂಡ್ರು.