ಎಡಗಾಲಿನ ಅಟ್ಟೆ

ದೀಪ ಸ್ವಲ್ಪ ಸಣ್ಣ ಮಾಡಿ... ಹೇಳ್ತೀನಿ. ಇದು ಯಾರೋ ಕಟ್ಟಿದ ಕತೆಯಲ್ಲ, ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಅವನು ಚಪ್ಪಲಿ ಹೊಲಿಯುವವನು. ಮನೆಗೆ ಬೆಂಕಿ ಬಿದ್ದವರ ಹಾಗೆ ನಡೀತಿದ್ದ, ಅದಕ್ಕೇ ಎಲ್ಲರ ಬಾಯಲ್ಲೂ ದಾಪುಗಾಲಣ್ಣ.

ಅವನ ಹೆಂಡತಿಗೆ ಎಡಗಾಲು ಸ್ವಲ್ಪ ಗಿಡ್ಡ. ಅವಳ ಎಡ ಚಪ್ಪಲಿಗೆ ಅವನೇ ದಪ್ಪ ಅಟ್ಟೆ ಕೂರಿಸಿಕೊಡ್ತಿದ್ದ. ಎಷ್ಟು ದಪ್ಪ ಹಾಕಿದರೂ ಹೊರಗಡೆ ಅಂಚು ಬೇಗ ಸವೀತಿತ್ತು. ಅಟ್ಟೆ ಹಾಕಿದ, ಸರಿ. ಆದರೆ ಜೊತೆಗೆ ಹೊರಟರೆ ಒಂದು ದಿನವೂ ಅವಳಿಗಾಗಿ ನಿಧಾನ ಮಾಡಿದವನಲ್ಲ. ಇವನು ಮುಂದೆ ಮುಂದೆ, ಅವಳು ಹಿಂದೆ ಹಿಂದೆ... ಟಕ್, ಸರ್ರ್. ಟಕ್, ಸರ್ರ್. ಕೊನೆಗೆ ಹೊಲಿದ ಹೊಸ ಜೋಡನ್ನು ಮೆಟ್ಟುವ ಮೊದಲೇ ಜ್ವರ ಬಂದು ಹೋಗಿಬಿಟ್ಟಳು. ಆ ಜೋಡು ಮನೆಯೊಳಗೆ ಮೊಳೆಗೆ ನೇತಾಡ್ತಾ ಉಳೀತು.

ಒಂದು ರಾತ್ರಿ ಅಂಗಡಿ ಮುಚ್ಚಿ ಬರ್ತಿದ್ದ. ಹಾಳುಬಾವಿ ಹತ್ತಿರ ಜೊತೆಗೊಂದು ಬೀದಿನಾಯಿ... ಉಗುರು ಟಿಕಿಟಿಕಿ ಅನ್ನಿಸ್ತಾ, ಕುಕ್ಕುಲೋಟದಲ್ಲಿ. ಒಮ್ಮೆಗೇ ಅದು ನಿಂತಿತು. ಹಿಂದೆ ನೋಡಿತು. ಬಾಲ ಮುದುರಿಕೊಂಡು, ಎದ್ದೆನೋ ಬಿದ್ದೆನೋ ಅಂತ ಓಡಿಹೋಯಿತು.

ಹಿಂದೆ... ಟಕ್, ಸರ್ರ್.

ಇವನು ನಿಂತ. ಅದೂ ನಿಂತಿತು. ಬಿರಬಿರನೆ ನಡೆದ. ಹಿಂದಿನ ಹೆಜ್ಜೆಯೂ ತಡಬಡಾಯಿಸಿತು... ಟಕ್‌ಸರ್, ಟಕ್‌ಸರ್... ಜೊತೆಗೆ ಏದುಸಿರು.

"ರೀ... ಸ್ವಲ್ಪ ನಿಧಾನ."

ಜೀವ ಬಾಯಿಗೆ ಬಂತು. ಆದರೆ ಮನೆಗೆ ಹೋಗಿ ಒಬ್ಬನೇ ಬೀಗ ತೆಗೆಯೋದು ನೆನಪಾಯಿತು ನೋಡಿ... ಅದರ ಮುಂದೆ ಈ ಹೆದರಿಕೆ ಏನೂ ಅನ್ನಿಸಲಿಲ್ಲ. ಪಕ್ಕಕ್ಕೆ ಸರಿದು ಪಿಸುಗುಟ್ಟಿದ.

"ನೀನೇ ಮುಂದೆ ನಡಿಯೇ. ನಾನು ಹಿಂದೆ ಬರ್ತೀನಿ."

ತಣ್ಣಗೆ ಏನೋ ತೋಳು ಸವರಿ ದಾಟಿತು. ಟಕ್, ಸರ್ರ್... ಈಗ ಮುಂದೆ. ಕಣ್ಣಿಗೆ ಏನೂ ಇಲ್ಲ. ಆ ಸದ್ದಿನ ಹಿಂದೆಯೇ, ಅದರಷ್ಟೇ ನಿಧಾನವಾಗಿ, ಅಳ್ತಾ ನಡೆದ. ಸದ್ದು ಮನೆ ಬಾಗಿಲ ತನಕ ಬಂತು, ನಿಂತಿತು. ಬೀಗ ತೆಗೆದ. ಒಳಗೆ ಯಾರೂ ಇಲ್ಲ.

ಬೆಳಿಗ್ಗೆ ಮೊಳೆಯಿಂದ ಜೋಡು ಇಳಿಸಿ ನೋಡಿದ. ಯಾರೂ ಮೆಟ್ಟದ ಚಪ್ಪಲಿ... ಎಡಗಾಲಿನ ಅಟ್ಟೆಯ ಹೊರ ಅಂಚು ಸವೆದಿತ್ತು.

ಇಲಿ ಅಂತೀರಾ? ಇಲಿ ಕಡಿದರೆ ಹಲ್ಲಿನ ಗುರುತಿರುತ್ತೆ. ನಾನೇ ಬೆರಳಾಡಿಸಿ ನೋಡಿದ್ದೀನಿ, ನುಣ್ಣಗಿತ್ತು. ಅವತ್ತಿನಿಂದ ದಾಪುಗಾಲಣ್ಣ ನಿಧಾನ ನಡೀತಾನೆ, ಹಾದಿಯ ಒಂದು ಪಕ್ಕ ಬಿಟ್ಟು. ಆ ಅಟ್ಟೆ ಮಾತ್ರ... ಈಗಾಗಲೇ ಎರಡು ಸಲ ಬದಲಾಯಿಸಿದ್ದಾನೆ.